ಹದಿನಾರು ಸುತ್ತು, ಅದರ ಮೇಲೆ ಕೊಸರು

ಉಮರ್ಗಾದ ನಮ್ಮ ಮನೆಯ ಮಾಳಿಗೆ ಮೇಲೆ ಒಂದು ತಗಡಿನ ಕೋಣೆ ಇದೆ. ಆ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅಲ್ಲಿ ಮೂರು ಮಂದಿ ಕೂತಿದ್ದೆವು. ಹಳೆಯ ಹೊಲಿಗೆ ಮಿಷನ್ನಿನ ಮೇಜಿನ ಮುಂದೆ ನಾನು. ನನ್ನ ಬಲಕ್ಕೆ ಚಾಪೆಯ ಮೇಲೆ ನಮ್ಮ ಮಾವ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದರೂ ಎದ್ದು ಕೆಳಗೆ ಹೋಗುವ ಮನಸ್ಸಿಲ್ಲ. ಹೊಸ್ತಿಲ ಮೇಲೆ ಮೊರದ ತುಂಬ ತೊಗರಿಬೇಳೆ ಇಟ್ಟುಕೊಂಡು ನಮ್ಮ ಅತ್ತೆ. ಬೇಳೆ ಆರಿಸುವುದು ನೆಪ, ಕಿವಿಯೆಲ್ಲ ಒಳಗೆ. ಮೇಜಿನ ಮೇಲೆ ಅಂಗೈ ಅಗಲದ ರೇಡಿಯೋ, ಇನ್ನೂ ಮುಚ್ಚಳ ಕಾಣದ್ದು. ಅದರ ಪಕ್ಕ ಸ್ಕೂಟರಿನ ಬ್ಯಾಟರಿ.

ಸ್ಪೀಕರಿನಿಂದ ಸಣ್ಣ ಸಿಳ್ಳು ಬರುತ್ತಿತ್ತು. ಗಿಡ್ಡ, ಉದ್ದ, ಮತ್ತೆ ಗಿಡ್ಡ. ಎಂಬತ್ತು ಕಿಲೋಮೀಟರಿನಾಚೆ, ಉದಗೀರದಿಂದ, ನಮ್ಮ ಮಾಸ್ತರು ನನ್ನನ್ನು ಕರೆಯುತ್ತಿದ್ದರು. ಕರೆದು ನಿಲ್ಲಿಸಿದರು. ನಾನು ಮೋರ್ಸ್ ಕೀ ಬಡಿದು ಉತ್ತರ ಕೊಟ್ಟೆ: ಇದ್ದೀನ್ರೀ ಮಾಸ್ತರ, ಇಲ್ಲೇ ಇದ್ದೀನಿ. ಬಡಿದು ಸುಮ್ಮನಾದೆ. ಮುಂಗಾರಿನ ಮೊದಲ ಮಿಂಚುಗಳ ಕರಕರ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅದೇ ಸಿಳ್ಳು, ಮೊದಲಿನಿಂದ. ನಾನು ಬಾಯಿಯೇ ತೆಗೆದಿಲ್ಲವೇನೋ ಅನ್ನುವ ಹಾಗೆ ಅವರು ಮತ್ತೆ ಕರೆಯುತ್ತಿದ್ದರು.

‘ಅವರು ಅಲ್ಲಿಂದ ಕರಿಲತ್ತಾರ, ನೀ ಇಲ್ಲಿಂದ ಬಡಿಲತ್ತಿ,’ ಅಂದರು ಅತ್ತೆ. ‘ನಡಕ ನಿಲಂಗಾದಾಗ ಯಾವ ದೆವ್ವ ಕುಂತು ನಿನ್ನ ಮಾತು ತಿನ್ನಲತ್ತದವಾ?’

‘ನೀ ಬ್ಯಾಳಿ ನೋಡು,’ ಅಂದರು ಮಾವ.

‘ಬ್ಯಾಳ್ಯಾಗ ಹಳ್ಳು ಕಾಣ್ತದ. ಇದರಾಗ ಏನೂ ಕಾಣಲ್ಲ, ಅದಕ ಕೇಳ್ದೆ.’

ಮೂರು ದಿನದಿಂದ ಹೀಗೆ. ಬುಧವಾರ, ಗುರುವಾರ, ಶುಕ್ರವಾರ. ಅವರ ಒಂದೊಂದು ಅಕ್ಷರವೂ ನನಗೆ ಕೇಳುತ್ತಿತ್ತು, ನನ್ನ ಒಂದಕ್ಷರವೂ ಅವರಿಗೆ ಮುಟ್ಟುತ್ತಿರಲಿಲ್ಲ. ಸೋಮವಾರದೊಳಗೆ ಮುಟ್ಟದೆ ಹೋದರೆ ಮುಟ್ಟಿಯೂ ಫಲವಿಲ್ಲ ಅನ್ನುವುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮಾಸ್ತರು ಯಾರು ಅನ್ನುವುದನ್ನು ಹೇಳಬೇಕು. ನನ್ನ ತವರು ಉದಗೀರ. ನಮ್ಮ ಗಲ್ಲಿಯಲ್ಲೇ ಅವರ ಮನೆ. ತಾರು ಆಫೀಸಿನಲ್ಲಿ, ಅಂದರೆ ಟೆಲಿಗ್ರಾಂ ಕಚೇರಿಯಲ್ಲಿ, ತಲೆಗೂದಲು ಹಣ್ಣಾಗುವ ತನಕ ಕಡಕಟ್ಟ ಕಡಕಟ್ಟ ಅಂತ ಊರಿನ ಸಾವು, ಹುಟ್ಟು, ನೌಕರಿ, ಬದಲಿ ಎಲ್ಲ ಬಡಿದು ಕಳಿಸಿದವರು. ತಾರು ಹೋದ ಮೇಲೆ ಕೈ ಸುಮ್ಮನಿರಲಿಲ್ಲ, ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋದ ಲೈಸೆನ್ಸು ತೆಗೆಸಿದರು. ಅಂಗಡಿಯ ದೊಡ್ಡ ಸೆಟ್ಟು ಅವರಿಗೆ ಬೇಡ. ಅಂಚೆಯಲ್ಲಿ ಬಿಡಿ ಭಾಗಗಳ ಪೊಟ್ಟಣ ತರಿಸಿ, ತಾವೇ ಸೋಲ್ಡರ್ ಹಾಕಿ, ಐದು ವ್ಯಾಟಿನ ಪುಟ್ಟ ಸೆಟ್ಟು ಕಟ್ಟುವುದು. ಐದು ವ್ಯಾಟ್ ಅಂದರೆ ದೇವರ ಮನೆಯಲ್ಲಿ ಹಚ್ಚುವ ಕೆಂಪು ಬಲ್ಬಿನಷ್ಟು. ಅಷ್ಟರಲ್ಲಿ ಅವರು ಸಮುದ್ರದಾಚೆಗೂ ಮಾತಾಡುತ್ತಿದ್ದರು. ‘ಜೋರಾಗಿ ಒದರೂದು ಯಾರಿಗೂ ಬರ್ತದ. ಸಣ್ಣಾಗಿ ಹೇಳಿ ದೂರ ಮುಟ್ಟಿಸೂದು ಕಲಿ,’ ಅನ್ನುತ್ತಿದ್ದರು. ನಾನು ಕಲಿತೆ. ಗಲ್ಲಿಯ ಹೆಂಗಸರು ನನ್ನ ತಾಯಿಗೆ ‘ಮಗಳಿಗ ರೊಟ್ಟಿ ಬಡಿಯಾಕ ಕಲಸ್ರೀ, ತಾರು ಬಡಿಯಾಕಲ್ಲ’ ಅಂತ ಚುಚ್ಚುತ್ತಿದ್ದರೂ ಕಲಿತೆ. ಲಗ್ನವಾಗಿ ಉಮರ್ಗಾಕ್ಕೆ ಬರುವಾಗ ಅವರೇ ಕಟ್ಟಿದ ಸೆಟ್ಟೊಂದನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಂದೆ.

ಆಮೇಲೆ ಎಷ್ಟೋ ವರ್ಷ ರಜೆಯ ದಿನ ಹತ್ತೂವರೆ ನಮ್ಮಿಬ್ಬರ ಹೊತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು. ಊಟ ಏನು, ಮಳೆ ಬಂತಾ, ನಿಲಂಗಾದಲ್ಲಿ ನೀನು ಕಲಿಸುವ ಶಾಲೆಯ ಹುಡುಗರು ವಿಜ್ಞಾನ ಓದುತ್ತಾರಾ ಇಲ್ಲಾ ಮೊಬೈಲ್ ನೋಡುತ್ತಾರಾ. ಇಷ್ಟೇ.

ಹೋದ ಚಳಿಗಾಲದಲ್ಲಿ ಅವರಿಗೆ ಗಂಟಲ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಿಗೆ ಕುತ್ತಿಗೆಯಲ್ಲೊಂದು ತೂತು. ಮನೆಗೆ ಬಂದವರೆಲ್ಲ ಅವರೆದುರು ಕಿವುಡರ ಜೊತೆ ಮಾತಾಡಿದ ಹಾಗೆ ಜೋರಾಗಿ ಮಾತಾಡಿ, ಎದ್ದು ಹೋಗುವಾಗ ಪಿಸುಗುಟ್ಟುತ್ತಿದ್ದರು. ಒಂದು ದಿನ ಅವರು ಮೊಬೈಲನ್ನು ಬಂದ್ ಮಾಡಿ ಕಪಾಟಿನಲ್ಲಿ ಇಟ್ಟುಬಿಟ್ಟರು. ಉಳಿದದ್ದು ರೇಡಿಯೋ ಒಂದೇ. ಅಲ್ಲಿ ಎಲ್ಲರೂ ಬೆರಳಿನಲ್ಲೇ ಮಾತಾಡುವವರು. ಅಲ್ಲಿ ಯಾರಿಗೂ ಅವರ ಗಂಟಲು ಗೊತ್ತಿಲ್ಲ.

ಆಪರೇಷನ್ ಆದ ಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಬೇಕು, ಸೋಲಾಪುರದ ದವಾಖಾನೆಯಲ್ಲಿ, ಅಂದಿದ್ದರು ಡಾಕ್ಟರು. ಮಾಸ್ತರು ಒಲ್ಲೆ ಅಂದರು. ಮಾಸ್ತರ ಹೆಂಡತಿಯನ್ನು ನಾನು ಕಾಕು ಅನ್ನುತ್ತೇನೆ. ಕಾಕು ಅತ್ತರು, ಸಿಟ್ಟಾದರು, ಮಠದ ಅಯ್ಯಗಳನ್ನು ಕರೆತಂದು ಹೇಳಿಸಿದರು. ಒಲ್ಲೆ. ಕೊನೆಗೆ ದವಾಖಾನೆಯವರು ಸೋಮವಾರದ ಪಾಳಿ ಕೊಟ್ಟರು. ಅದು ತಪ್ಪಿದರೆ ಮುಂದಿನ ಪಾಳಿ ಯಾವಾಗಲೋ, ಅಷ್ಟೊತ್ತಿಗೆ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ.

ಆ ವಾರ ಮಂಗಳವಾರ ನಾನು ಬಸ್ಸು ಹಿಡಿದು ಉದಗೀರಕ್ಕೆ ಹೋದೆ. ಮಾಸ್ತರು ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಮಾತಾಡುವಷ್ಟು ಮಾತಾಡಿದೆ. ಅವರು ತಿರುಗದೆಯೇ ಪಾಟಿ ಎಳೆದುಕೊಂಡು ಬಳಪದಲ್ಲಿ ಬರೆದರು: ‘ಎದುರಿಗೆ ನಿಂತು ಬುದ್ಧಿ ಹೇಳಬೇಡ. ಹತ್ತೂವರೆಗೆ ಸಿಗು.’

ನನ್ನ ಸೆಟ್ಟು ಆ ಮಧ್ಯಾಹ್ನವೇ ಸತ್ತಿತ್ತು, ನನಗೆ ಗೊತ್ತಿರಲಿಲ್ಲ. ನಾನು ಉದಗೀರದಲ್ಲಿ ಇದ್ದಾಗ ಉಮರ್ಗಾದಲ್ಲಿ ಸಿಡಿಲು ಬಿದ್ದು, ಮಾಳಿಗೆ ಮೇಲಿನ ತಂತಿಯ ಗುಂಟ ಇಳಿದು, ಮಾಸ್ತರು ಕಟ್ಟಿಕೊಟ್ಟ ಸೆಟ್ಟನ್ನು ಒಳಗೆಲ್ಲ ಕರಕಲು ಮಾಡಿತ್ತು. ಗುಡುಗು ಬಂದರೆ ತಂತಿ ಬಿಚ್ಚಿಡು ಅಂತ ಮಾಸ್ತರು ನೂರು ಸಲ ಹೇಳಿದ್ದರು. ಅವಸರದಲ್ಲಿ ಬಿಚ್ಚಿರಲಿಲ್ಲ.

ಅದೃಷ್ಟಕ್ಕೆ ಹೋದ ವರ್ಷ ತರಿಸಿದ ಒಂದು ಕಿಟ್ಟು ಪೊಟ್ಟಣ ಒಡೆಯದೆ ಇತ್ತು. ಶಾಲೆ ಶುರುವಾಗಿರಲಿಲ್ಲ. ನಮ್ಮವರು ಸೋಯಾಬೀನ್ ಬೀಜ ಮಾರುವ ಗಡಿಬಿಡಿಯಲ್ಲಿ ಅಂಗಡಿ ಬಿಟ್ಟು ಏಳುತ್ತಿರಲಿಲ್ಲ. ಆ ಸಂಜೆಯೇ ನಾನು ಅಡಿಗೆ ಅತ್ತೆಗೆ ಬಿಟ್ಟು ಮಾಳಿಗೆ ಹತ್ತಿದೆ. ಸಾಸಿವೆಯಂಥ, ಜೀರಿಗೆಯಂಥ ಭಾಗಗಳು. ಒಂದೊಂದನ್ನೂ ನೋಡಿ, ಓದಿ, ಕಾಲು ಮಡಚಿ, ಸೋಲ್ಡರ್ ಹಾಕಬೇಕು. ಹಚ್ಚುವುದೆಲ್ಲ ಹಚ್ಚಿದೆ. ಉಳಿದದ್ದು ಮೂರು ಉಂಗುರ. ಅಂಗಿಯ ಗುಂಡಿಯಷ್ಟು ಇರುತ್ತವೆ. ಕೂದಲಿಗಿಂತ ಚೂರು ದಪ್ಪನ ತಾಮ್ರದ ತಂತಿಯನ್ನು ಅವುಗಳ ತೂತಿನಲ್ಲಿ ಪೋಣಿಸಿ ಪೋಣಿಸಿ ಸುತ್ತಬೇಕು. ಎರಡಕ್ಕೆ ಹದಿನಾರು ಸುತ್ತು, ಒಂದಕ್ಕೆ ಹದಿನೇಳು. ಸೆಟ್ಟಿನಿಂದ ಹೊರಡುವ ಶಕ್ತಿಯೆಲ್ಲ ಈ ಮೂರು ಉಂಗುರ ದಾಟಿಯೇ ತಂತಿಗೆ ಹೋಗಬೇಕು.

ಬುಧವಾರ ಬೆಳಗಾಗಿತ್ತು. ಎರಡು ಸಲ ತಂತಿ ಹರಿದೆ. ಮೂರನೆಯ ಸಲ ಹರಿದಾಗ ಮಾವ ಕೈ ಚಾಚಿದರು.

‘ಕೊಡವಾ ಇಲ್ಲಿ. ಎಷ್ಟು ಬೇಕು ಹೇಳು.’

ಮಾವನ ಕೈ ಅಂದರೆ ಸಾಮಾನ್ಯ ಕೈಯಲ್ಲ. ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಕಾಳು ಅಳೆದ ಕೈ. ರಾಶಿಯಲ್ಲಿ ಮುಷ್ಟಿ ಹಾಕಿ ತೊಗರಿ ಹಸಿ ಇದೆಯೋ ಒಣಗಿದೆಯೋ ಹೇಳುತ್ತಿದ್ದರು. ಕನ್ನಡಕ ಏರಿಸಿ, ತೊಡೆಯ ಮೇಲೆ ಬಿಳಿ ಅರಿವೆ ಹಾಸಿಕೊಂಡು, ಹೂವಿನ ಮಾಲೆ ಕಟ್ಟುವ ಹಾಗೆ ಸುತ್ತಿದರು. ಕಾಳು ಅಳೆಯುವಾಗ ನಮ್ಮಲ್ಲಿ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅದೇ ರಾಗದಲ್ಲಿ, ‘ಲಾಭ... ಎರಡು... ಮೂರು...’ ಅಂತ ಹದಿನಾರರ ತನಕ ಕೇಳಿಸಿಕೊಂಡು ನಾನು ನೀರು ತರಲು ಕೆಳಗಿಳಿದೆ. ಬರುವಷ್ಟರಲ್ಲಿ ಮೂರೂ ಆಗಿದ್ದವು. ಚಿನಿವಾರರೂ ಹಾಗೆ ಸುತ್ತಲಾರರು. ತಂತಿಯ ಪಕ್ಕಕ್ಕೆ ತಂತಿ, ಒಂದರ ಮೇಲೊಂದು ಹತ್ತಿಲ್ಲ. ಹಾಗೇ ತೆಗೆದುಕೊಂಡು ಸೋಲ್ಡರ್ ಹಾಕಿದೆ.

ಎಣಿಸಲಿಲ್ಲ. ಇದೊಂದು ತಿಳಿದುಕೊಳ್ಳಬೇಕು ನೀವು. ಅಳೆಯುವವನು ಅಳೆದು ಕೊಟ್ಟದ್ದನ್ನು ಅವನ ಕಣ್ಣೆದುರು ಮತ್ತೊಮ್ಮೆ ಅಳೆಯುವುದು ನಮ್ಮ ಮೋಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಬೈಗುಳಕ್ಕಿಂತ ಹೆಚ್ಚು. ಅಂಥ ಗಿರಾಕಿಯನ್ನು ಮಾವ ‘ನನ ಮ್ಯಾಲ ಇಮಾನ್ ಇಲ್ಲಂದ್ರ ಬ್ಯಾರೆ ಅಂಗಡಿ ಅದಾವ’ ಅಂತ ಎಬ್ಬಿಸಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಸೊಸೆಯಾಗಿ ನಾನು ಎಣಿಸುವುದೇ?

ಹಾಗಾಗಿ ಮೂರು ದಿನ ಉಳಿದದ್ದೆಲ್ಲದರ ಮೇಲೆ ಅನುಮಾನಪಟ್ಟೆ. ಕಳಿಸುವ ಟ್ರಾನ್ಸಿಸ್ಟರ್ ಮುಟ್ಟಿದರೆ ಬೆರಳು ಸುಡುತ್ತಿತ್ತು. ಮೀಟರಿನಲ್ಲಿ ಐದು ವ್ಯಾಟ್ ಇರಬೇಕಾದಲ್ಲಿ ಅರ್ಧವೂ ಇಲ್ಲ. ಬ್ಯಾಟರಿ ಬದಲಿಸಿದೆ. ಬೇವಿನ ಮರಕ್ಕೆ ಕಟ್ಟಿದ ತಂತಿಯನ್ನು ಇಳಿಸಿ, ಒರೆಸಿ, ಮತ್ತೆ ಏರಿಸಿದೆ. ಕಾಕುಗೆ ಫೋನು ಹಚ್ಚಿದೆ. ಫೋನನ್ನೇ ಮಾಸ್ತರ ಕಿವಿಗೆ ಹಿಡಿಸಿ ಈ ಕಡೆಯಿಂದ ಸಿಳ್ಳು ಬಡಿದೆ. ಫೋನು ಅದನ್ನು ಗದ್ದಲ ಅಂತ ತಿಳಿದು ನುಂಗಿಹಾಕಿತು. ಅವರಿಗೆ ಕೇಳಿದ್ದು ಬರೀ ಬುಸ್ ಅನ್ನುವ ಗಾಳಿ. ನಾನು ಬಾಯಿಂದ ಮಾತು ಶುರು ಮಾಡುವಷ್ಟರಲ್ಲಿ ಫೋನು ದೂಡಿಬಿಟ್ಟರು.

‘ನಿನ್ನ ಸೆಟ್ ಕೆಟ್ಟದ ಅಂತ ಹೇಳಿದ್ರ, ಇದೂ ಒಂದು ನೆಪ ಅಂತಾರವಾ,’ ಅಂದರು ಕಾಕು. ‘ಹತ್ತೂವರಿಗೆ ಕೂಡ್ತಾರ, ಹನ್ನೆರಡಕ್ಕ ಏಳ್ತಾರ. ಎದ್ದು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ. ನಿನ್ನೆ ಗಂಜಿನೂ ಒಲ್ಲೆ ಅಂದಾರ. ನಂಗ ಒಬ್ಬಾಕಿಗ ನೀಗವಲ್ದು.’

ಆ ಮಾತು ಕೇಳಿದ ಮೇಲೆ ನಾನು ಮಾಳಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಬ್ಬ ಮನುಷ್ಯ ಬಾವಿಯಲ್ಲಿ ಬಿದ್ದು ಹೆಸರು ಹಿಡಿದು ಕರೆಯುತ್ತಿದ್ದಾನೆ, ದಂಡೆಯ ಮೇಲೆ ನಿಂತ ನನ್ನ ಬಾಯಿ ಕಟ್ಟಿದೆ.

ಶನಿವಾರ ಮೊದಲ ಬಸ್ಸಿಗೆ ನಿಲಂಗಾಕ್ಕೆ ಹೋದೆ. ನಮ್ಮ ಶಾಲೆಯ ಹತ್ತಿರ ಟಿವಿ ರಿಪೇರಿ ಮಾಡುವವನೊಬ್ಬ ಇದ್ದಾನೆ. ಅವನಿಗೆ ರೇಡಿಯೋದ ಹುಚ್ಚಿಲ್ಲ, ಆದರೆ ಕಣ್ಣು ಚುರುಕು. ಸೆಟ್ಟನ್ನು ಭೂತಗನ್ನಡಿಯ ಕೆಳಗೆ ಇಟ್ಟು ಚಹಾ ಆರುವ ತನಕ ನೋಡಿದ.

‘ಬಾಯೀ, ಕೆಲಸ ಏಕದಮ್ ಝಕಾಸ್ ಅದ. ಒಂದೂ ಕೂಡಿಕಿ ತಪ್ಪಿಲ್ಲ. ಈ ಟ್ರಾನ್ಸಿಸ್ಟರ್ ಸುಟ್ಟು ಅರ್ಧಾ ಸತ್ತದ, ಬ್ಯಾರೆ ಹಚ್ಚಿ ಕೊಡ್ತೀನಿ. ಆದ್ರ ಅದೂ ಸುಡ್ತದ. ಮುಂದ ದಾರಿ ಬಂದ್ ಅದ, ಅದಕ ಸುಡಲತ್ತದ. ಈ ಉಂಗುರದ ಸುತ್ತು ಎಣಿಸಿರೇನು?’

‘ನಮ್ಮ ಮಾವನೋರು ಎಣಿಸ್ಯಾರ.’

‘ಮಾವನೋರು ಎಣಿಸ್ಯಾರಂತ ತಂತಿಗ ಗೊತ್ತದೇನು?’ ಅಂದ. ‘ನೀವು ಎಣಿಸಿರೇನಂತ ಕೇಳ್ದೆ.’

ನನಗೆ ಸಿಟ್ಟು ಬಂತು. ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದ. ನಾನು ತೆಗೆದುಕೊಳ್ಳಲಿಲ್ಲ. ಅವನು ಹೊಸ ಟ್ರಾನ್ಸಿಸ್ಟರ್ ಹಚ್ಚಿಕೊಟ್ಟ ಮೇಲೆ ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಬಸ್ಸಿನ ತುಂಬ ಬೀಜದ ಚೀಲ, ಗೊಬ್ಬರದ ವಾಸನೆ. ಕಿಟಕಿಯ ಕಡೆ ಕೂತು ಚೀಲದೊಳಗೇ ಬೆರಳು ಹಾಕಿ, ಕಣ್ಣು ಮುಚ್ಚಿ, ಉಗುರಿನಿಂದ ಎಣಿಸಲು ನೋಡಿದೆ. ಬಸ್ಸು ಕುಲುಕಿ ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಲಿಲ್ಲ. ಕಳ್ಳತನ ಮಾಡಿದಂತೆ ಅನ್ನಿಸಿತು. ಕೇಳುವುದಾದರೆ ಎದುರಿಗೇ ಕೇಳಬೇಕು.

ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ನೆಲಕ್ಕೆ ಕೂತೆ. ಸೆರಗು ಸರಿಮಾಡಿಕೊಂಡೆ.

‘ಮಾವಾರೀ, ತಪ್ಪು ತಿಳ್ಕೋಬ್ಯಾಡ್ರಿ.’

‘ಏನವಾ?’

‘ಆ ಉಂಗುರದ ಸುತ್ತು... ಹದಿನಾರೇ ಆಗ್ಯಾವ ಅಲ್ರೀ?’

ಅಡಿಕೆ ಕತ್ತರಿಸುವ ಕೈ ನಿಂತಿತು. ಒಳಗೆ ಅತ್ತೆಯ ಪಾತ್ರೆಯ ಸದ್ದೂ ನಿಂತಿತು. ಮಾವ ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರಿಗೆ ನೋವಾಗಿದ್ದು ಕಂಡಿತು, ಆದರೂ ಸಮಾಧಾನದಿಂದಲೇ ಹೇಳಿದರು:

‘ಹದಿನಾರಕ್ಕ ಒಂದೂ ಕಮ್ಮಿಲ್ಲ. ನಾ ಕಮ್ಮಿ ಅಳದು ಕೊಡೋ ಮನಷ್ಯಾ ಅಲ್ಲ. ಹದಿನಾರು ಆದ ಮ್ಯಾಲ ಕೊಸರು ಬ್ಯಾರೆ ಹಾಕೀನಿ. ಹೊರಗಿನವರಿಗ ಆದ್ರ ಒಂದು. ಮನಿ ಸೊಸಿ ಕೆಲಸ, ಮ್ಯಾಲ ಮಾಸ್ತರ ಜೀವದ ಮಾತು, ಅಂತ ಎರಡೆರಡು ಹಾಕೀನಿ.’

ನಾನು ಸೆಟ್ಟು ತೆಗೆದು ಅವರೆದುರಿಗೇ ಎಣಿಸಿದೆ. ಹದಿನೆಂಟು. ಹತ್ತೊಂಬತ್ತು. ಹದಿನೆಂಟು. ಕಾಳು ಅಳೆದ ಮೇಲೆ ಒಂದು ಮುಷ್ಟಿ ಮೇಲೆ ಸುರಿಯದೆ ಯಾರನ್ನೂ ಬಾಗಿಲಿಂದ ಕಳಿಸದ ಮನುಷ್ಯ. ಅವರಿಗೆ ಹೇಗೆ ಗೊತ್ತಾಗಬೇಕು, ಕೊಸರು ಬೇಡದ ವಸ್ತುವೂ ಲೋಕದಲ್ಲಿ ಇದೆ ಅಂತ? ನಾನು ಹೇಳಿರಲಿಲ್ಲ. ‘ಹೆಚ್ಚಾದ್ರೂ ತಪ್ಪೇ ಮಾವಾರೀ, ಹೆಚ್ಚಾದ್ರ ದಾರಿ ಕಟ್ಟಿ ಹೋಗ್ತದ,’ ಅಂದೆ. ನಗುವೂ ಬಂತು, ಅಳುವೂ ಬಂತು.

ಮಾವನಿಗೆ ಬಂದದ್ದು ಎರಡೂ ಅಲ್ಲ. ಅಡಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು.

‘ಅಂದ್ರ ಬುಧವಾರದಿಂದ ಅವರ ಬಾಗಲಾ ಮುಚ್ಚಿ ಕುಂತಾವ ನಾನೇ,’ ಅಂದರು.

ಒಳಗಿಂದ ಅತ್ತೆ ಬಂದರು. ಬೇರೆ ದಿನವಾಗಿದ್ದರೆ ಈ ಮಾತನ್ನು ಆರು ತಿಂಗಳು ಆಡಿಕೊಳ್ಳುತ್ತಿದ್ದವರು, ಗಂಡನ ಮುಖ ನೋಡಿ, ‘ಏಳ್ರಿ, ಬೆಳಕಿದ್ದಾಗೇ ಬಿಚ್ಚೂಣು,’ ಅಂದರು ಅಷ್ಟೇ.

ಮೂವರೂ ಮಾಳಿಗೆ ಹತ್ತಿದೆವು. ಸೋಲ್ಡರ್ ಕಾಯಿಸಿ ತಂತಿಯ ಒಂದು ತುದಿ ಬಿಡಿಸಿ ಎರಡೆರಡು ಸುತ್ತು ತೆಗೆದೆ. ಬ್ಲೇಡಿನಿಂದ ತುದಿ ಕೆರೆದು ಮತ್ತೆ ಕೂಡಿಸಿದೆ. ಹೊಸ ಟ್ರಾನ್ಸಿಸ್ಟರ್ ಬಿಸಿಯಾಗಲಿಲ್ಲ. ಮೀಟರಿನ ಮುಳ್ಳು ನಾಲ್ಕು ದಾಟಿ ಐದರ ಹತ್ತಿರ ನಿಂತಿತು. ಮಾವ ಎರಡೂ ಕೈ ಜೋಡಿಸಿದರು, ಯಾರಿಗೆ ಅಂತ ಗೊತ್ತಾಗಲಿಲ್ಲ.

ಭಾನುವಾರ ಹತ್ತೂವರೆಗೆ ಕೂತೆ. ಸ್ಪೀಕರಿನಲ್ಲಿ ಕರಕರ ಸದ್ದು. ಸಿಳ್ಳು ಇಲ್ಲ.

ಕಾದೆ. ನಾನೇ ಕರೆದೆ. ಹತ್ತು ಮುಕ್ಕಾಲು, ಹನ್ನೊಂದು, ಹನ್ನೊಂದೂ ಕಾಲು. ಕೈ ಸೋಲುವ ತನಕ ಕರೆದೆ. ಈಗ ನನ್ನ ದನಿ ಹೋಗುತ್ತಿದೆ, ಕೇಳುವವರೇ ಇಲ್ಲ. ಅತ್ತೆ ಹೊಸ್ತಿಲಲ್ಲಿ ಬರಿಗೈಯಲ್ಲಿ ಕೂತಿದ್ದರು, ಅವತ್ತು ಮೊರದ ನೆಪವೂ ಇರಲಿಲ್ಲ. ಮಾವ ನೆಲ ನೋಡುತ್ತಿದ್ದರು.

ಕಾಕುಗೆ ಫೋನು ಹಚ್ಚಿದೆ.

‘ಇವತ್ತ ಕುಂತೇ ಇಲ್ಲವಾ. ಪಾಟಿ ಮ್ಯಾಲ “ಸಾಕು” ಅಂತ ಬರದಾರ. ಸಂಜಿಗಿ ಮಾಳಗಿ ಮ್ಯಾಲಿನ ತಂತಿ ಬಿಚ್ಚಸು ಅಂದಾರ.’

‘ಕಾಕು, ಕಾಲ ಬೀಳ್ತೀನಿ, ಒಂದು ಕೆಲಸ ಮಾಡ್ರಿ. ಸೆಟ್ಟಿನ ಬಟನ್ ಒತ್ತಿ, ಕಿವಿಗಿ ಹಚ್ಚೂದರ ವೈರ್ ಕಿತ್ತು ತೆಗೀರಿ. ಸ್ಪೀಕರ್ ತಾನೇ ಒದರ್ತದ. ಸೆಟ್ ಎತ್ತಿ ಅವರ ತಲಿದಿಂಬಿನ ಹಂತೇಕ ಇಡ್ರಿ.’

‘ಬೈತಾರವಾ.’

‘ಬೈಯಾಕ ಬಾಯಿ ಎಲ್ಲದ ಅವರಿಗ!’ ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಕಡೆ ಕಾಕು ಅಳುತ್ತಲೋ ನಗುತ್ತಲೋ, ‘ಅದೂ ಖರೇನೇ,’ ಅಂದು ಫೋನು ಇಟ್ಟರು.

ನಾನು ಕರೆಯತೊಡಗಿದೆ. ಒಂದೊಂದೇ ಅಕ್ಷರ, ನಿಧಾನ, ಅವರು ನನಗೆ ಕಲಿಸಿದ ಮೊದಲ ವರ್ಷದ ವೇಗದಲ್ಲಿ. ಕರೆದು ನಿಲ್ಲಿಸಿದೆ. ಇಲ್ಲ. ಕರೆದು ನಿಲ್ಲಿಸಿದೆ. ಇಲ್ಲ. ಮತ್ತೊಮ್ಮೆ. ಮಾವನ ಉಸಿರು ನನಗೆ ಕೇಳುತ್ತಿತ್ತು.

ಸಿಳ್ಳು ಬಂತು. ಸಣ್ಣಗೆ, ತಡವರಿಸುತ್ತ. ನಾನು ಬಾಯಿಬಿಟ್ಟು ಓದುತ್ತ ಹೋದೆ, ಅವರಿಬ್ಬರಿಗೂ ಕೇಳಲಿ ಅಂತ.

‘ಎಲ್ಲಿ ಹೋಗಿದ್ದಿ?’

ಇಲ್ಲೇ ಇದ್ದೆ, ಬುಧವಾರದಿಂದ ಮೂರು ದಿನ ನೀವು ಕರೆದದ್ದೆಲ್ಲ ಕೇಳುತ್ತಿದ್ದೆ, ನನ್ನ ಮಾತೇ ಹೊರಗೆ ಹೋಗುತ್ತಿರಲಿಲ್ಲ, ನಿನ್ನೆ ಸೆಟ್ಟನ್ನು ರಿಪೇರಿಗೆ ಒಯ್ದಿದ್ದೆ, ಅಂತ ಬಡಿದೆ. ಆಮೇಲೆ, ‘ಎಲ್ಲಾ ಕೇಳಿದ್ದಿ?’

‘ಮೂರೂ ದಿನದ್ದು, ಒಂದಕ್ಷರ ಬಿಡದ.’

‘ಎಲ್ಲಾರೂ ಬಿಟ್ಟರು ಅಂತ ತಿಳಕೊಂಡಿದ್ದೆ.’

ನನ್ನ ಕಣ್ಣು ಮಂಜಾಯಿತು. ಬಡಿದೆ: ‘ನಾಳಿ ಸೋಲಾಪುರಕ್ಕ ಹೋಗ್ರಿ.’

‘ಹೋದ್ರ ಆರಾಮ ಆಗ್ತದೇನು?’

ಇದಕ್ಕೆ ಏನು ಹೇಳಬೇಕು? ಆಗುತ್ತದೆ ಅನ್ನುವ ಸುಳ್ಳು ಬೆರಳ ತುದಿಗೆ ಬಂದಿತ್ತು. ಗುರುವಿಗೆ ಗಾಳಿಯಲ್ಲಿ ಸುಳ್ಳು ಬಡಿಯಲು ಕೈ ಏಳಲಿಲ್ಲ. ‘ಗೊತ್ತಿಲ್ರೀ,’ ಅಂದೆ. ‘ಹೋಗದಿದ್ರ ಏನಾಗ್ತದ ಅನ್ನೂದು ಇಬ್ಬರಿಗೂ ಗೊತ್ತದ.’

ಕರಕರ, ಕರಕರ. ಎಲ್ಲಿಯೋ ದೂರದಲ್ಲಿ ಮಳೆ.

‘ನಿನ್ನ ಕೈ ಹದಗೆಟ್ಟದ,’ ಅಂದರು. ‘ಗಿಡ್ಡ ಅಕ್ಷರ ಎಲ್ಲಾ ಉದ್ದ ಎಳಿಲತ್ತಿ. ನಿನ ಕಾಕುಗ ಹೇಳು, ಚೀಲಾ ತುಂಬಲಿ.’

ಮಾವ ಎದ್ದು ಕೆಳಗಿಳಿದರು. ನಾನು ಇಳಿದು ನೋಡಿದಾಗ ಹಾಸಿಗೆಯ ಮೇಲೆ ಎರಡು ಧೋತರ, ಒಂದು ಅಂಗಿ, ವಿಭೂತಿ ಗಟ್ಟಿ ತೆಗೆದಿಟ್ಟು, ಚೀಲ ಹುಡುಕುತ್ತಿದ್ದರು. ‘ಸೋಲಾಪುರ ನಂಗ ಗೊತ್ತದ. ಮಾಸ್ತರ ಹೆಂಡತಿ ಒಬ್ಬಾಕಿ ಎಲ್ಲೆಲ್ಲಿ ತಿರುಗಾಡ್ತಾಳ?’ ಅಂದರು. ಅತ್ತೆ ರೊಟ್ಟಿಗೆ ಹಿಟ್ಟು ನಾದಲು ಕೂತರು.

ಸೋಮವಾರ ನಸುಕಿನಲ್ಲಿ ಮಾಸ್ತರೂ ಕಾಕೂ ಕೂತಿದ್ದ ಉದಗೀರದ ಬಸ್ಸು ಉಮರ್ಗಾ ಸ್ಟ್ಯಾಂಡಿಗೆ ಬಂತು. ಮಾವ ಅದನ್ನೇ ಹತ್ತಿ ಮಾಸ್ತರ ಹಿಂದಿನ ಸೀಟಿನಲ್ಲಿ ಕೂತರು. ಸೋಲಾಪುರದಲ್ಲಿ ಡಾಕ್ಟರು ಕಾಗದಗಳನ್ನೆಲ್ಲ ತಿರುವಿ, ಬರುವುದು ತಡವಾಗಿದೆ, ಆದರೂ ಶುರು ಮಾಡೋಣ ಅಂದರಂತೆ. ಮಧ್ಯಾಹ್ನ ಮೂರಕ್ಕೆ ಮಾಸ್ತರನ್ನು ಒಳಗೆ ಕರೆದುಕೊಂಡು ಹೋಗಿ ಮೊದಲ ಸಲ ಕರೆಂಟ್ ಕೊಟ್ಟರು. ಮಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು.